ಒಂದು ನಾಯಿ, ಅಷ್ಟೇ

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ದರ್ಶಿನಿಯಲ್ಲಿ ನಾವು ನಾಲ್ವರು ಸೇರುವುದು ರೂಢಿ. ಎರಡು ಬೈ ಟೂ ಕಾಫಿ, ಒಂದು ಗಂಟೆ ಹರಟೆ. ಮೊನ್ನೆ ಪ್ರಕಾಶ ಮುಖ ಗಂಟು ಹಾಕಿಕೊಂಡು ಬಂದ. ಅವನು ವಿಡಿಯೋ ಗೇಮ್ ಕಂಪನಿಯಲ್ಲಿ ಪ್ರೊಡ್ಯೂಸರ್. ಸಿನಿಮಾದವರ ಹಾಗೆ ದುಡ್ಡು ಹಾಕುವವನಲ್ಲ, ಬೇರೆಯವರ ದುಡ್ಡಿಗೆ ಲೆಕ್ಕ ಕೊಟ್ಟು ಬೈಸಿಕೊಳ್ಳುವವನು.

“ನಾಯಿ ಬೇಕಂತೆ ಕಣ್ರೋ,” ಅಂದ.

“ಯಾರಿಗೆ?”

“ನಮ್ಮ ಬಾಸ್‌ಗೆ. ಆಟದೊಳಗೆ. ಹೀರೋ ಹಿಂದೆ ಒಂದು ಬೀದಿನಾಯಿ ಬರಬೇಕು, ಅಷ್ಟೇ. ಎಷ್ಟು ದಿನ, ಎಷ್ಟು ಜನ, ಎಷ್ಟು ದುಡ್ಡು ಅಂತ ನಾಳೆ ಹೇಳಬೇಕು.”

ನಾಗರಾಜ ವಡೆಯನ್ನು ಚಟ್ನಿಗೆ ಅದ್ದುತ್ತಾ “ಎರಡು ದಿನ” ಅಂದ. ಅವನದು ಸಿಮೆಂಟ್ ಅಂಗಡಿ. ತನಗೆ ಗೊತ್ತಿಲ್ಲದ ಕೆಲಸಕ್ಕೆಲ್ಲ ಅವನ ಲೆಕ್ಕ ಎರಡು ದಿನವೇ.

ಪ್ರಕಾಶ ಬಿಲ್ಲಿನ ಹಿಂದೆ ಬರೆಯತೊಡಗಿದ. ನಾಯಿಯ ಚಿತ್ರ ಬರೆಯಲು ಒಬ್ಬ, ಅದನ್ನು ಮೂರು ಆಯಾಮದಲ್ಲಿ ಕೆತ್ತಿ ಒಳಗೆ ಮೂಳೆ ಕೂರಿಸಲು ಒಬ್ಬ, ನಡೆಸಲು, ಓಡಿಸಲು, ಕಾಲೆತ್ತಿಸಲು ಆನಿಮೇಟರ್, ಬುದ್ಧಿ ತುಂಬಲು ಪ್ರೋಗ್ರಾಮರ್, ತಪ್ಪು ಹುಡುಕಲು ಟೆಸ್ಟರ್. ಬೊಗಳುವ ಸದ್ದು ಹೊರಗಿನವರಿಂದ.

“ಸದ್ದು ನಮ್ಮ ಬೀದಿಗೆ ಬಂದು ರೆಕಾರ್ಡ್ ಮಾಡ್ಕೋ,” ಅಂದೆ.

“ಅದೇ ಸುಲಭದ ಭಾಗ ಗುರು. ಹಿಂದಿನ ಆಟದಲ್ಲಿ ಬೆಕ್ಕು ಇತ್ತು. ಮೆಟ್ಟಿಲು ಹತ್ತಿದರೆ ಕಾಲು ಗಾಳಿಯಲ್ಲಿ. ಒಂದು ದಿನ ಬಾಗಿಲಲ್ಲಿ ಮಲಗಿಬಿಟ್ಟಿತು. ಹೀರೋ ಹೊರಗೆ ಬರೋ ಹಾಗಿಲ್ಲ, ಬೆಕ್ಕು ಏಳೋ ಹಾಗಿಲ್ಲ. ಆಟ ಸೇವ್ ಮಾಡಿ ಮತ್ತೆ ತೆರೆದರೆ ಎರಡು ಬೆಕ್ಕು!”

ಶೋಭಾ ಆಡಿಟರ್ ಆಫೀಸಿನವಳು. ಅವಳಿಗೆ ಅಂಕಿ ಬೇಕು. ಪ್ರಕಾಶ ವಿವರಿಸಿದ: ಎಲ್ಲ ಸುಸೂತ್ರವಾದರೆ 2 ವಾರ, ಮಾಮೂಲಿಯಾದರೆ 4, ಗ್ರಹಚಾರ ಕೆಟ್ಟರೆ 12. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿದರೆ 5 ವಾರ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಹುಟ್ಟುಹಾಕಿದ ಲೆಕ್ಕವಂತೆ.

“ಕ್ಷಿಪಣಿ ಲೆಕ್ಕ ನಾಯಿಗಾ?”

“ಕ್ಷಿಪಣಿ ಹೇಳಿದ ಕಡೆ ಹೋಗುತ್ತೆ, ನಾಯಿ ಹೋಗಲ್ಲ. ಅದೇ ಭಯ ನನಗೆ.”

ಐದು ಜನ, ಐದು ವಾರ. ಒಟ್ಟು ಸೇರಿಸಿದರೆ ಒಬ್ಬನ ಸುಮಾರು 6 ತಿಂಗಳ ಸಂಬಳ. ಪಿಎಫ್, ಬಾಡಿಗೆ, ಸಾಫ್ಟ್‌ವೇರ್ ಎಲ್ಲ ಸೇರಿ ತಲೆಗೆ ತಿಂಗಳಿಗೆ ಒಂದೂವರೆ ಲಕ್ಷ ಹಿಡಿದರೂ 9 ಲಕ್ಷ.

ನಾಗರಾಜನ ವಡೆ ಕೈಯಲ್ಲೇ ನಿಂತಿತು. “ಒಂದು ಬೀದಿನಾಯಿಗೆ ಒಂಬತ್ತು ಲಕ್ಷ! ನಮ್ಮ ಕ್ರಾಸಲ್ಲಿ ಹದಿನೈದು ಇವೆ, ಪುಕ್ಕಟೆ ತಗೊಂಡು ಹೋಗು.”

“ಐದೂ ಜನ ಐದು ವಾರವೂ ನಾಯಿ ಹಿಂದೇನೇ ಇರ್ತಾರಾ?” ಶೋಭಾ ಬಿಡಲಿಲ್ಲ.

“ಇಲ್ಲ. ಮೂಳೆ ಕೂರಿಸೋವರೆಗೆ ಆನಿಮೇಟರ್ ಸುಮ್ನೆ ಕೂತಿರ್ತಾನೆ. ಅವನು ಕೂತರೂ ಸಂಬಳ ಕೂರಲ್ಲವಲ್ಲ.”

“ಹಾಗಾದ್ರೆ ಹತ್ತು ಜನ ಹಾಕು, ಬೇಗ ಮುಗಿಸು,” ಅಂದ ನಾಗರಾಜ. ಪ್ರಕಾಶ ಅಡುಗೆಮನೆ ಕಡೆ ಕೈ ತೋರಿಸಿದ. “ಹತ್ತು ಭಟ್ಟರನ್ನು ನಿಲ್ಲಿಸಿದರೆ ದೋಸೆ ಹಿಟ್ಟು ಬೇಗ ಹುಳಿ ಬರುತ್ತಾ?” ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನೋಡಿಕೊಂಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರಂತೆ, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡ ಅಂತ. ಐದು ಜನರಲ್ಲಿ 10 ಜೋಡಿ ಮಾತುಕತೆ, ಹತ್ತು ಜನರಲ್ಲಿ 45. ನಾವು ನಾಲ್ವರೇ ಇದ್ದು ಕಾಫಿ ಆರಿಹೋಗಿತ್ತು, ನಂಬಿದೆ.

ದೊಡ್ಡವರೇ ಎಡವಿದ್ದಾರೆ. ಡ್ಯೂಕ್ ನ್ಯೂಕೆಮ್ ಫಾರೆವರ್ ಅಂತ 1997ರಲ್ಲಿ ಘೋಷಿಸಿದ ಆಟ ಬಂದದ್ದು 2011ರಲ್ಲಿ. ಸೈಬರ್‌ಪಂಕ್ 2077 ಅನ್ನು 2020ರಲ್ಲಿ ಮೂರು ಸಲ ಮುಂದೂಡಿ ಡಿಸೆಂಬರಿನಲ್ಲಿ ಬಿಟ್ಟರು. ಆಗಲೂ ದೋಷಗಳ ರಾಶಿ.

“ನಾಳೆ ಏನು ಹೇಳ್ತೀಯ?” ಅಂದೆ.

“ಎರಡರಿಂದ ಹನ್ನೆರಡು ವಾರ ಅಂತೀನಿ. ಬಾಸ್ ಕಿವಿಗೆ ‘ಎರಡು’ ಮಾತ್ರ ಬೀಳುತ್ತೆ. ಸಂಜೆಯೊಳಗೆ ಅದು ಕ್ಯಾಲೆಂಡರಿನಲ್ಲಿ ಇರುತ್ತೆ.”

ನಾಗರಾಜ ಜೋರಾಗಿ ನಕ್ಕ. ಶೋಭಾ ಅವನತ್ತ ತಿರುಗಿದಳು. “ನಗು ಇರಲಿ, ನಿನ್ನ ಮನೆ ಗೃಹಪ್ರವೇಶ ಯಾವಾಗ?”

“ಇನ್ನೆರಡು ತಿಂಗಳು. ಸಂಪು ಒಂದು ಬಾಕಿ, ಅಷ್ಟೇ.”

ಪ್ರಕಾಶ ಇನ್ನೊಂದು ಬಿಲ್ಲು ತಿರುಗಿಸಿ ಪೆನ್ನು ತೆಗೆದ.