ಒಂದೇ ಕಣ್ಣಿಗೆ ಎರಡು ರಿಪೋರ್ಟ್: ಐರಿಸ್ ಸಾಫ್ಟ್‌ವೇರ್ ಸಮಸ್ಯೆ

ಪ್ರಶ್ನೆ (ಕಲಬುರಗಿ):
ನಮಸ್ಕಾರ್ರೀ. ಐರಿಸ್ (ಪಾಪೆ ಸುತ್ತಲಿನ ಬಣ್ಣದ ಭಾಗ) ಫೋಟೊ ನೋಡಿ ಗಿಡಮೂಲಿಕೆ ಹೇಳುವ ಸಾಫ್ಟ್‌ವೇರ್ ಮತ್ತು ಯುಎಸ್‌ಬಿ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ವಿಂಡೋಸ್ 10. ಬೆಳಿಗ್ಗೆ ಅವ್ವನ ಬಲಗಣ್ಣಿಗೆ ‘ಕಿಡ್ನಿ ದುರ್ಬಲ, ನೆಗ್ಗಿಲುಮುಳ್ಳು ಕೊಡಿ’ ಅಂತ ಬಂತು. ಸಂಜೆ ಅದೇ ಕಣ್ಣಿಗೆ ‘ಹೊಟ್ಟೆ ಉರಿ, ಜ್ಯೇಷ್ಠಮಧು’. ಡ್ರೈವರ್ ಎರಡು ಸಲ ಹಾಕಿದೆ, ಅಷ್ಟೇ. ಅವ್ವನಿಗೆ ಬಿಪಿ ಇದೆ, ದಿನಾ ಗುಳಿಗೆ ನುಂಗುತ್ತಾಳೆ. ಎರಡೂ ಫೋಟೊ ಹಾಕಿದ್ದೇನೆ, ನೋಡ್ರಿ.

ಉತ್ತರ (ಬೀದರ್):
ಅಣ್ಣಾ, ಡ್ರೈವರ್ ಸರಿ ಇದೆ. ಸಂಜೆಯ ಫೋಟೊ ದೊಡ್ಡದು ಮಾಡಿ ನೋಡಿ. ಪಾಪೆಯ ಪಕ್ಕ ಉದ್ದಕ್ಕೆ ಒಂದು ಬಿಳಿ ಗೀಟು ಇದೆ. ಅದು ನಿಮ್ಮ ಮನೆ ಟ್ಯೂಬ್‌ಲೈಟ್! ಐರಿಸ್‌ನ ಒಂದೊಂದು ಜಾಗ ಒಂದೊಂದು ಅಂಗದ್ದು ಅಂತ ಈ ಸಾಫ್ಟ್‌ವೇರ್‌ನವರ ನಕ್ಷೆ ಇರುತ್ತೆ; ಅದರಲ್ಲಿ ಪಾಪೆ ಸುತ್ತಲಿನ ಜಾಗ ಹೊಟ್ಟೆಯದು, ಅದಕ್ಕೇ ಹಾಗೆ ಬಂದಿದೆ. ಕಿಟಕಿ ಪರದೆ ಎಳೆಯಿರಿ, ಟ್ಯೂಬ್‌ಲೈಟ್ ಆರಿಸಿ, ಕ್ಯಾಮೆರಾದ ಎಲ್‌ಇಡಿ ಮಾತ್ರ ಇರಲಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆಟೊ ಎಕ್ಸ್‌ಪೋಷರ್ (ಬೆಳಕು ತಾನೇ ಹೊಂದಿಸುವುದು), ಆಟೊ ವೈಟ್ ಬ್ಯಾಲೆನ್ಸ್ (ಬಣ್ಣ ತಾನೇ ಹೊಂದಿಸುವುದು) ಎರಡೂ ಆಫ್ ಮಾಡಿ. ಮಿರರ್ ಆನ್ ಇದ್ದರೆ ಎಡ ಬಲ ಅದಲುಬದಲಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಮಾಡಿದೆ ಅಣ್ಣಾ. ಈಗ ಮೂರು ಸಲವೂ ‘ಕಿಡ್ನಿ’ ಅಂತಲೇ ಬರ್ತಿದೆ. ನೆಗ್ಗಿಲು ಶುರು ಮಾಡಲಾ?

ಉತ್ತರ (ಯಾದಗಿರಿ, ಲ್ಯಾಬ್ ಕೆಲಸ):
ದಯವಿಟ್ಟು ಬೇಡ್ರಿ. ಫೋಟೊ ಸರಿಯಾಯಿತು ಅಂದ ಮಾತ್ರಕ್ಕೆ ನಕ್ಷೆ ನಿಜ ಆಗಲ್ಲ. ಆಧಾರ್‌ಗೆ ಅವ್ವನ ಐರಿಸ್ ಸ್ಕ್ಯಾನ್ ಮಾಡಿರ್ತಾರಲ್ವಾ? ವರ್ಷಗಳಾದರೂ ಅದರ ವಿನ್ಯಾಸ ಹೆಚ್ಚು ಬದಲಾಗಲ್ಲ ಅಂತಲೇ ಅದನ್ನು ಗುರುತಿಗೆ ಇಟ್ಟಿದ್ದಾರೆ. ಕಿಡ್ನಿ ಕೆಟ್ಟಾಗ, ಹೊಟ್ಟೆ ಉರಿದಾಗಲೆಲ್ಲ ಅದು ಬದಲಾಗುವಂತಿದ್ದರೆ ಆಧಾರ್ ಹೊಂದುತ್ತಿತ್ತಾ? 1979ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 143 ಜನರ ಕಣ್ಣಿನ ಫೋಟೊ ಕೊಟ್ಟರೂ ಐರಿಸ್ ಓದುವ ಮೂವರಿಗೆ ಕಿಡ್ನಿ ರೋಗ ಯಾರಿಗಿದೆ ಅಂತ ಗುರುತಿಸಲು ಆಗಲಿಲ್ಲ.

ಜ್ಯೇಷ್ಠಮಧು ಅಂತೂ ಮನೆಯಲ್ಲಿದ್ದರೆ ಅವ್ವನ ಕೈಗೆ ಸಿಗದಂತೆ ಎತ್ತಿಡಿ. ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನೆಗ್ಗಿಲನ್ನೂ ಬಿಪಿ ಗುಳಿಗೆ ಜೊತೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಕಿಡ್ನಿಯ ಚಿಂತೆ ಇದ್ದರೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಬಿಪಿ ಇರುವವರಿಗೆ ಅದು ಹೇಗೂ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಆಯ್ತು ಅಕ್ಕಾ, ನಾಳೆನೇ ಕರ್ಕೊಂಡು ಹೋಗ್ತೀನಿ. ಖಾಲಿ ಹೊಟ್ಟೆ ಇರಬೇಕಾ?

ಉತ್ತರ (ಯಾದಗಿರಿ):
ಕ್ರಿಯಾಟಿನಿನ್‌ಗೆ ಬೇಕಿಲ್ಲ. ಇವತ್ತು ರಾತ್ರಿ ಮಟನ್ ಮಾತ್ರ ಬೇಡ. ಗುಳಿಗೆ ಚೀಟಿ ಮರೀದೆ ಒಯ್ಯಿರಿ.