ಹಾರ್ಲನ್ ಎಲಿಸನ್ ಅವರಿಗೆ ನುಡಿನಮನ: ಹೇಗೆ ನಡೆಸಬೇಕು?

ಕಲಬುರಗಿ ಓದುಗ (ಪ್ರಶ್ನೆ)

ಮಾನ್ಯರೇ,

ಕಲಬುರಗಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ವೈಜ್ಞಾನಿಕ ಕತೆಗಳನ್ನು ಓದಿ ಚರ್ಚಿಸುವ ಪರಿಪಾಠ ಇಟ್ಟುಕೊಂಡಿದ್ದೇವೆ. ಕತೆ ಇಂಗ್ಲಿಷಿನದಾದರೆ ಒಬ್ಬರು ಮೊದಲೇ ಓದಿಕೊಂಡು ಬಂದು ಉಳಿದವರಿಗೆ ಕನ್ನಡದಲ್ಲಿ ವಿವರಿಸುತ್ತಾರೆ. ಜೂನ್ ತಿಂಗಳ ಸಭೆಯನ್ನು ಅಮೆರಿಕದ ಕತೆಗಾರ ಹಾರ್ಲನ್ ಎಲಿಸನ್ ಅವರ ನೆನಪಿಗೆ ಮೀಸಲಿಡೋಣವೆಂದು ನಾನು ಸೂಚಿಸಿದೆ. ಅವರು 2018ರ ಜೂನ್ 28ರಂದು, ತಮ್ಮ 84ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಸೂಚನೆ ಮುಂದಿಟ್ಟ ಕೂಡಲೇ ಬಳಗ ಎರಡು ಪಾಲಾಯಿತು.

ಅವರ ಕತೆಗಳ ಬಗ್ಗೆ ಯಾರಿಗೂ ತಕರಾರಿಲ್ಲ. ತಡವಾಗಿ ಬಂದವರ ಆಯುಷ್ಯದಿಂದಲೇ ಅಷ್ಟು ಹೊತ್ತನ್ನು ಕಡಿತಗೊಳಿಸುವ ಅಧಿಕಾರಿ ಮತ್ತು ಅವನ ಗಡಿಯಾರದ ರಾಜ್ಯವನ್ನು ಒಂದೂವರೆ ಲಕ್ಷ ಡಾಲರಿನ ಜೆಲ್ಲಿ ಮಿಠಾಯಿ ಸುರಿದು ಅಸ್ತವ್ಯಸ್ತಗೊಳಿಸುವ ವಿದೂಷಕ, ಇವರಿಬ್ಬರ 1965ರ ಕತೆಯನ್ನು ಹಿಂದೊಮ್ಮೆ ಓದಿದಾಗ ಸಭೆ ಬಹಳ ಹೊತ್ತು ನಕ್ಕಿತ್ತು. ಐದು ಗಂಟೆಗೆಂದು ಕರೆದು ಆರೂವರೆಗೆ ದೀಪ ಹಚ್ಚುವ ನಮ್ಮ ಕಡೆಯ ಕಾರ್ಯಕ್ರಮಗಳನ್ನು ಕಂಡವರಿಗೆ ಅದು ಬೇಗ ಹತ್ತಿರವಾಗುತ್ತದೆ. ಮನುಷ್ಯಕುಲವನ್ನೆಲ್ಲ ಕೊಂದು, ಉಳಿದ ಐವರನ್ನು 109 ವರ್ಷ ಹಿಂಸಿಸುವ ಗಣಕಯಂತ್ರದ 1967ರ ಕತೆಯಂತೂ ಇಂದಿಗೂ ಭಯ ಹುಟ್ಟಿಸುತ್ತದೆ.

ತಕರಾರು ಇರುವುದು ಮನುಷ್ಯನ ಬಗ್ಗೆ. 2006ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ನಡೆದ, ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಸಮಾರಂಭದ ವೇದಿಕೆಯ ಮೇಲೆ, ಸಭೆಯೆಲ್ಲ ನೋಡುತ್ತಿರುವಾಗಲೇ, ಅವರು ಒಬ್ಬ ಮಹಿಳೆಯ ಎದೆಗೆ ಕೈ ಹಾಕಿದರು. ಅಂಥವರ ಫೋಟೊಕ್ಕೆ ಹಾರ ಹಾಕಿದ ಸಭೆಯಲ್ಲಿ ತಾವು ಕೂರುವುದಿಲ್ಲವೆಂದು ನಮ್ಮ ಸದಸ್ಯೆಯೊಬ್ಬರು ಸ್ಪಷ್ಟವಾಗಿ ಹೇಳಿದ್ದಾರೆ. ಸತ್ತವರ ತಪ್ಪನ್ನು ಎತ್ತಿ ಆಡುವುದು ಸರಿಯಲ್ಲ, ಕತೆಗಳನ್ನಷ್ಟೇ ಓದಿ ಎದ್ದು ಬರೋಣ ಎಂಬುದು ಹಿರಿಯರೊಬ್ಬರ ಮಾತು. ಎರಡೂ ನನಗೆ ಪೂರ್ತಿಯಾಗಿ ಒಪ್ಪಿಗೆಯಾಗುತ್ತಿಲ್ಲ. ಸಭೆಯನ್ನು ಹೇಗೆ ನಡೆಸಬಹುದೆಂದು ತಿಳಿದವರು ಹೇಳಬೇಕು.

ಬೀದರ್ ಉಪನ್ಯಾಸಕಿ

ಸರ್, ಸಭೆ ನಡೆಯಲಿ, ಹಾರ ಬೇಡ. ಅದಕ್ಕಿಂತ ಮೊದಲು ನಿಮ್ಮ ಪ್ರಶ್ನೆಯಲ್ಲೇ ಒಂದು ತಿದ್ದುಪಡಿ ಆಗಬೇಕು. "ಒಬ್ಬ ಮಹಿಳೆ" ಎಂದು ಬರೆದಿದ್ದೀರಿ. ಅವರು ಕಾನಿ ವಿಲಿಸ್. ಆ ಸಂಜೆಯ ಸಮಾರಂಭವನ್ನು ನಿರೂಪಿಸುತ್ತಿದ್ದವರು, ಹಲವು ಹ್ಯೂಗೋ ಮತ್ತು ನೆಬ್ಯುಲಾ ಪ್ರಶಸ್ತಿಗಳನ್ನು ಪಡೆದ, ಕಾಲಪ್ರಯಾಣದ ಕಾದಂಬರಿಗಳಿಗೆ ಹೆಸರಾದ ಲೇಖಕಿ. ತಪ್ಪು ಮಾಡಿದವರ ಹುಟ್ಟಿದ ಊರಿನಿಂದ ಹಿಡಿದು ಎಲ್ಲವೂ ನಮಗೆ ಗೊತ್ತಿರುತ್ತದೆ, ತಪ್ಪಿಗೆ ಒಳಗಾದವರು ಮಾತ್ರ ಹೆಸರಿಲ್ಲದೆ ಉಳಿಯುತ್ತಾರೆ. ಎಲಿಸನ್ ಮೊದಲು ಕ್ಷಮೆ ಕೇಳಿದರು. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ತಾವೇ ನೊಂದವರೆಂಬ ಧಾಟಿಯಲ್ಲಿ ಬರೆಯತೊಡಗಿದರು. ಅದನ್ನೂ ಸಭೆಯಲ್ಲಿ ಹೇಳಬೇಕು.

ನನಗೆ ಈ ಪ್ರಸಂಗ ಹೆಚ್ಚು ನೋವು ಕೊಡುವುದು, ಅವರು ಮಹಿಳೆಯರ ವಿಷಯದಲ್ಲಿ ಕುರುಡರಾಗಿರಲಿಲ್ಲ ಎಂಬ ಕಾರಣಕ್ಕೆ. 1972ರಲ್ಲಿ ಅವರು ಸಂಪಾದಿಸಿದ ಎರಡನೆಯ ದೊಡ್ಡ ಸಂಕಲನದಲ್ಲಿ, ಗಂಡಸರೇ ಇಲ್ಲದ ಲೋಕವೊಂದಕ್ಕೆ ಗಂಡಸರು ಮರಳಿ ಬಂದಿಳಿಯುವ ಜೊವಾನಾ ರಸ್ ಅವರ ಕತೆ ಬಂತು ಮತ್ತು ಅದಕ್ಕೆ ನೆಬ್ಯುಲಾ ಪ್ರಶಸ್ತಿಯೂ ದೊರೆಯಿತು. 1978ರಲ್ಲಿ ಅರಿಜೋನಾದ ಫೀನಿಕ್ಸಿನಲ್ಲಿ ನಡೆದ ವಿಶ್ವ ವೈಜ್ಞಾನಿಕ ಕತೆಗಳ ಸಮ್ಮೇಳನಕ್ಕೆ ಅವರು ಗೌರವ ಅತಿಥಿ. ಸ್ತ್ರೀಯರಿಗೆ ಸಮಾನ ಹಕ್ಕು ನೀಡುವ ಸಂವಿಧಾನ ತಿದ್ದುಪಡಿಗೆ ಆ ರಾಜ್ಯ ಒಪ್ಪಿಗೆ ಕೊಟ್ಟಿರಲಿಲ್ಲವೆಂದು, ಅಲ್ಲಿನ ಹೋಟೆಲಿಗೆ ಹಣ ತೆರಲು ನಿರಾಕರಿಸಿ ಮನೆಯಂತಹ ವಾಹನವೊಂದರಲ್ಲಿ ಇಳಿದುಕೊಂಡರು. ಇಷ್ಟೆಲ್ಲ ತಿಳಿದಿದ್ದ ಮನುಷ್ಯನಿಗೆ ವೇದಿಕೆಯ ಮೇಲೆ ಅಷ್ಟು ತಿಳಿಯಲಿಲ್ಲವೇ? ಕಲ್ಯಾಣದ ನೆಲದಲ್ಲಿ ಕುಳಿತು ಓದುವ ನಾವು ನಡೆ ಮತ್ತು ನುಡಿ ಒಂದಾಗಿರಬೇಕೆಂದು ಕೇಳುವುದು ಅತಿಯಾದ ನಿರೀಕ್ಷೆಯೇನಲ್ಲ.

ಶಹಾಪುರದ ಓದುಗ

ಮೇಡಂ ಅವರ ಮಾತಿನ ಮೊದಲ ಭಾಗವನ್ನು ನಾನು ಹಾಗೆಯೇ ಒಪ್ಪುತ್ತೇನೆ. ಕೊನೆಯ ವಾಕ್ಯದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿದೆ. ನಡೆನುಡಿಯ ಅಳತೆಯನ್ನು ಶರಣರು ಮೊದಲು ತಮ್ಮ ಮೇಲೆಯೇ ಹಿಡಿದುಕೊಂಡವರು. ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ, ಜಗಳವನ್ನೇ ವೃತ್ತಿಯ ಭಾಗವಾಗಿಸಿಕೊಂಡ ಕತೆಗಾರನ ಮೇಲೆ ಅದನ್ನು ಹಿಡಿದರೆ ನಮಗೆ ಸಿಗುವುದು ತೀರ್ಪು ಮಾತ್ರ, ತಿಳಿವಳಿಕೆ ಅಲ್ಲ. ಅವರನ್ನು ಅವರದೇ ಮಾತಿನಿಂದ ಅಳೆಯುವುದು ಹೆಚ್ಚು ನ್ಯಾಯ, ಮತ್ತು ಹೆಚ್ಚು ಕಠಿಣ ಕೂಡ. ಲೇಖಕನ ಶ್ರಮಕ್ಕೆ ಬೆಲೆ ಕೊಡಿ, ಅವನ ಬರಹವನ್ನು ಕದಿಯಬೇಡಿ, ತಿದ್ದಿ ಕೆಡಿಸಬೇಡಿ ಎಂಬುದು ಅವರು ಜೀವನದುದ್ದಕ್ಕೂ ಹಿಡಿದ ಹಟ. ಹಾಗಾದರೆ ಇತರ ಲೇಖಕರ ಬರಹ ಅವರ ಕೈಗೆ ಬಂದಾಗ ಅವರು ಏನು ಮಾಡಿದರು ಎಂದು ಕೇಳೋಣ.

1967ರಲ್ಲಿ ಅವರ ಸಂಪಾದಕತ್ವದಲ್ಲಿ ‘ಡೇಂಜರಸ್ ವಿಷನ್ಸ್’ ಬಂತು. ಪತ್ರಿಕೆಗಳು ಮುಟ್ಟಲು ಹಿಂಜರಿಯುತ್ತಿದ್ದ ವಸ್ತುಗಳ ಮೇಲೆ 33 ಹೊಸ ಕತೆಗಳು, ಪ್ರತಿಯೊಂದಕ್ಕೂ ಎಲಿಸನ್ ಅವರ ಪ್ರಸ್ತಾವನೆ, ಲೇಖಕರ ಹಿನ್ನುಡಿ. ವೈಜ್ಞಾನಿಕ ಕತೆ ಲೈಂಗಿಕತೆ, ಧರ್ಮ, ರಾಜಕೀಯಗಳ ಬಗ್ಗೆ ಮುಕ್ತವಾಗಿ ಮಾತಾಡಬಹುದೆಂಬ ಧೈರ್ಯವನ್ನು ಒಂದು ಪೀಳಿಗೆಗೆ ಕೊಟ್ಟ ಪುಸ್ತಕ ಅದು. 1972ರಲ್ಲಿ ಎರಡನೆಯದು ಬಂತು. ಮೂರನೆಯದನ್ನು ಘೋಷಿಸಿ, ನೂರಕ್ಕೂ ಹೆಚ್ಚು ಕತೆಗಳನ್ನು ಕೊಂಡು, ಇನ್ನೇನು ಬಂತು ಎನ್ನುತ್ತಲೇ ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದರು. ಕೆಲವು ಲೇಖಕರು ಬೇಸತ್ತು ಕತೆಗಳನ್ನು ಹಿಂದಕ್ಕೆ ಪಡೆದರು, ಹಲವರು ಕಾಯುತ್ತಲೇ ಸತ್ತರು. ಬ್ರಿಟನ್ನಿನ ಕಾದಂಬರಿಕಾರ ಕ್ರಿಸ್ಟೋಫರ್ ಪ್ರೀಸ್ಟ್ ಇದನ್ನೆಲ್ಲ ಪಟ್ಟು ಹಿಡಿದು ದಾಖಲಿಸಿ ಒಂದು ಪುಸ್ತಿಕೆಯನ್ನೇ ಬರೆದರು. ಎಲಿಸನ್ ತೀರಿಕೊಂಡ ಮೇಲೆ ಅವರ ಗೆಳೆಯ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ ಆ ಹೊಣೆ ಹೊತ್ತು, ಮೂಲ ಕತೆಗಳಲ್ಲಿ ಬಹಳಷ್ಟನ್ನು ಕೈಬಿಟ್ಟು, 2024ರ ಅಕ್ಟೋಬರಿನಲ್ಲಿ ಸಂಕಲನವನ್ನು ಹೊರತಂದರು. ಪ್ರೀಸ್ಟ್ ಅದೇ ವರ್ಷ ಫೆಬ್ರವರಿಯಲ್ಲಿ ನಿಧನರಾಗಿದ್ದರು.

ಈ ಕತೆಯೊಳಗೆ ಒಂದು ಹೆಸರಿದೆ. ಸಭೆಯ ಮುಕ್ಕಾಲು ಪಾಲು ಸಮಯ ಅದಕ್ಕೇ ಹೋದರೂ ನಷ್ಟವಿಲ್ಲವೆಂದು ನನಗೆ ಅನ್ನಿಸುತ್ತದೆ: ಆಕ್ಟೇವಿಯಾ ಬಟ್ಲರ್. ಪಾಸಡೀನಾದ ಬಡ ಕಪ್ಪು ಕುಟುಂಬದ ಹುಡುಗಿ, ತಾಯಿ ಮನೆಗೆಲಸ ಮಾಡುತ್ತಿದ್ದವರು. ಚಿತ್ರಕತೆಗಾರರ ಸಂಘ ನಡೆಸುತ್ತಿದ್ದ ತರಗತಿಯಲ್ಲಿ ಆಕೆಯ ಬರವಣಿಗೆಯನ್ನು ಗುರುತಿಸಿ, 1970ರಲ್ಲಿ ವೈಜ್ಞಾನಿಕ ಕತೆ ಬರೆಯುವವರಿಗಾಗಿ ನಡೆಯುವ ಕ್ಲಾರಿಯನ್ ಕಮ್ಮಟಕ್ಕೆ ಹೋಗುವಂತೆ ಹುರಿದುಂಬಿಸಿದವರು ಎಲಿಸನ್. ಅಲ್ಲಿಂದ ಮುಂದೆ ಬಟ್ಲರ್ ಏನಾದರೆಂದು ಓದುಗರಿಗೆ ಗೊತ್ತು. 1995ರಲ್ಲಿ, ಅಮೆರಿಕದಲ್ಲಿ ಪ್ರತಿಭಾವಂತರಿಗೆ ಕೊಡುವ ಮೆಕಾರ್ಥರ್ ಫೆಲೋಶಿಪ್ ಪಡೆದ ಮೊದಲ ವೈಜ್ಞಾನಿಕ ಕತೆಗಾರರು ಅವರೇ. ಆದರೆ ಆಕೆಯಿಂದ ಎಲಿಸನ್ ಕೊಂಡ ‘ಚೈಲ್ಡ್‌ಫೈಂಡರ್’ ಕತೆ ಬೆಳಕು ಕಾಣದ ಆ ಮೂರನೆಯ ಸಂಕಲನಕ್ಕೆ ಸೇರಿತು. ಬಟ್ಲರ್ 2006ರ ಫೆಬ್ರವರಿಯಲ್ಲಿ ತೀರಿಕೊಂಡರು, ಕತೆ ಅಚ್ಚಾದದ್ದು 2014ರಲ್ಲಿ, ಬೇರೆ ಪುಸ್ತಕದಲ್ಲಿ. ಬಾಗಿಲು ತೆರೆದವರೂ ಅವರೇ, ಕತೆಯನ್ನು ಒಳಗೆ ಕೂಡಿಹಾಕಿದವರೂ ಅವರೇ. ಎಲಿಸನ್ ಒಳ್ಳೆಯವರೋ ಕೆಟ್ಟವರೋ ಎಂಬ ವಾದಕ್ಕಿಂತ ಈ ಒಂದು ಕತೆಯ ದಾರಿಯನ್ನು ಹಿಡಿದು ಹೋದರೆ ಅವರು ಎಂಥವರೆಂಬುದು ಹೆಚ್ಚು ಗೊತ್ತಾಗುತ್ತದೆ.

ಕಲಬುರಗಿ ವಕೀಲ

ಹಿಂದಿನವರು ಹೇಳಿದ್ದಕ್ಕೆ ಸೇರಿಸುವುದು ಹೆಚ್ಚೇನಿಲ್ಲ. ಹಿರಿಯರು ಬಯಸಿದ ಸೌಮ್ಯ ಶ್ರದ್ಧಾಂಜಲಿ ಮಾತ್ರ ಈ ಮನುಷ್ಯನಿಗೆ ಹೊಂದುವುದೇ ಇಲ್ಲ. 1965ರಲ್ಲಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹೊರಟ ನಾಗರಿಕ ಹಕ್ಕುಗಳ ನಡಿಗೆಯಲ್ಲಿ ಹೆಜ್ಜೆ ಹಾಕಿದ್ದೂ ಅದೇ ಸಿಟ್ಟು, ಪ್ರಕಾಶಕರ ಮೇಲೆ ಹರಿಹಾಯ್ದದ್ದೂ ಅದೇ ಸಿಟ್ಟು. ‘ಟರ್ಮಿನೇಟರ್’ ಚಿತ್ರ ತಾವು 1964ರಲ್ಲಿ ಟೆಲಿವಿಷನ್ನಿಗೆ ಬರೆದ ಕಂತಿನಿಂದ ಬಂದದ್ದೆಂದು ಅವರು ಹೂಡಿದ ತಕರಾರು ರಾಜಿಯಲ್ಲಿ ಮುಗಿದು, ಚಿತ್ರದಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿಗೆ ಸೇರಿತು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಆ ಆರೋಪವನ್ನು ಎಂದೂ ಒಪ್ಪಲಿಲ್ಲ.

ಇನ್ನೊಂದು ಕಿವಿಮಾತು ಇದೆ, ಇದು ವೃತ್ತಿಯ ಅಭ್ಯಾಸ. ತಮ್ಮ ಕತೆಗಳನ್ನು ಅನುಮತಿಯಿಲ್ಲದೆ ಅಂತರ್ಜಾಲದಲ್ಲಿ ಹಾಕಿದ್ದಕ್ಕಾಗಿ ಎಲಿಸನ್ 2000ದಲ್ಲಿ ಅಂತರ್ಜಾಲ ಸೇವೆ ಕೊಡುತ್ತಿದ್ದ ಅಮೆರಿಕ ಆನ್‌ಲೈನ್ ಕಂಪನಿಯ ಮೇಲೆಯೇ ದಾವೆ ಹೂಡಿ ನಾಲ್ಕು ವರ್ಷ ಸೆಣಸಿದವರು. ಅವರ ಕತೆಯ ಪಿಡಿಎಫ್ ಅನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿ ಅವರಿಗೇ ನುಡಿನಮನ ಸಲ್ಲಿಸುವ ವಿಚಾರ ನಿಮ್ಮ ಬಳಗದಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿ. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಒಂದು ಪುಸ್ತಕ ತರಿಸಿಕೊಳ್ಳಿ.

ಕಲಬುರಗಿ ಓದುಗ

ಎಲ್ಲರಿಗೂ ವಂದನೆಗಳು. ಫೋಟೊ ಮತ್ತು ಹಾರ ಎರಡನ್ನೂ ಬಿಟ್ಟಿದ್ದೇವೆ. ಗಡಿಯಾರದ ಕತೆಯನ್ನು ಮತ್ತೆ ಓದುವ ಬದಲು ಮೊದಲಿಗೆ ಕಾನಿ ವಿಲಿಸ್ ಅವರ ಒಂದು ಸಣ್ಣಕತೆ, ಬಳಿಕ ಎಲಿಸನ್ ಅವರ 1967ರ ಕತೆ, ಆಮೇಲೆ ಶಹಾಪುರದವರು ಹೇಳಿದ ಮೂರನೆಯ ಸಂಕಲನದ ವೃತ್ತಾಂತ ಎಂದು ನಿಗದಿಯಾಗಿದೆ. ಬರುವುದಿಲ್ಲವೆಂದಿದ್ದ ಸದಸ್ಯೆಯೇ ವಿಲಿಸ್ ಅವರ ಕತೆಯನ್ನು ವಿವರಿಸಲು ಒಪ್ಪಿದ್ದಾರೆ. ಹಿರಿಯರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. 2006ರ ಪ್ರಸಂಗವನ್ನು ಹೇಳುವಾಗ ತಾವು ಹೊರಗೆ ಚಹಾ ಕುಡಿಯುತ್ತಿರುವುದಾಗಿ ತಿಳಿಸಿದ್ದಾರೆ, ಅದು ಅವರ ಇಷ್ಟ.

ಶಹಾಪುರದ ಸರ್ ಅವರಲ್ಲಿ ಒಂದು ವಿನಂತಿ. ಬಟ್ಲರ್ ಅವರ ‘ಚೈಲ್ಡ್‌ಫೈಂಡರ್’ ಕತೆಯನ್ನು ತಾವೇ ಬಂದು ಕನ್ನಡದಲ್ಲಿ ಹೇಳುವುದಾದರೆ ಕೊನೆಯ ಅರ್ಧ ಗಂಟೆಯನ್ನು ತಮಗೆ ಬಿಟ್ಟುಕೊಡುತ್ತೇವೆ. ತೊಗರಿ ಬಿತ್ತನೆಯ ದಿನಗಳಾದ್ದರಿಂದ ಬರಲು ತೊಂದರೆಯಿದ್ದರೆ ಮುಂಚಿತವಾಗಿ ತಿಳಿಸಿ, ಸಭೆಯನ್ನು ಜುಲೈ ಮೊದಲ ಭಾನುವಾರಕ್ಕೆ ಸರಿಸಲು ಯಾರ ಅಭ್ಯಂತರವೂ ಇಲ್ಲ.