ಮಂಜು, ಮೀನು ಮತ್ತು ವ್ಯಾನ್ ಬಾಡಿಗೆ

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ಸಣ್ಣ ದೋಣಿ, ಒಬ್ಬನೇ ಬೆಸ್ತ, ಅವನೆದುರು ಎರಡು ಭಾರಿ ಮೀನು. ಕೆಳಗೆ: "ಮೀನು ಎಸೆದಿದ್ದರೆ ಬದುಕುತ್ತಿದ್ದ. ಆಸೆ ಬಿಡಲಿಲ್ಲ, ಮರುದಿನ ಹೆಣ ಸಿಕ್ಕಿತು. ನಿಜ ಘಟನೆ. ಹತ್ತು ಜನಕ್ಕೆ ಕಳಿಸಿ."

ಚಿಕ್ಕಪ್ಪ ಸಾಲ ಮಾಡಿ ಎರಡನೇ ಸೈಟು ಕೊಂಡ ವಾರವದು. ಬಾಣ ಯಾರ ಕಡೆಗೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಕೈಮುಗಿದ ಇಮೋಜಿಗಳು ಸಾಲಾಗಿ ಬಂದವು.

ಭಾವ ಕೇಳಿದರು: "ಮೂಲ ಯಾವುದು?" ಇವರು ಶುಭೋದಯಕ್ಕೂ ಮೂಲ ಕೇಳುವವರು.

ಉತ್ತರ ಬಾಸ್ಟನ್‌ನಲ್ಲಿರುವ ಅಕ್ಕನ ಮಗಳಿಂದ ಬಂತು. "ಇದು ಇಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ಅಮೆರಿಕದ ಕಲಾವಿದ ವಿನ್ಸ್ಲೋ ಹೋಮರ್ 1885ರಲ್ಲಿ ಬರೆದ ತೈಲಚಿತ್ರ, 'ದ ಫಾಗ್ ವಾರ್ನಿಂಗ್', ಅಂದ್ರೆ ಮಂಜಿನ ಎಚ್ಚರಿಕೆ. ಮೇನ್ ರಾಜ್ಯದ ಪ್ರೌಟ್ಸ್ ನೆಕ್‌ನಲ್ಲಿದ್ದಾಗ ಬರೆದದ್ದು. ಚಿತ್ರಕ್ಕೆ ಮಾದರಿಯಾಗಿ ನೆರೆಯವನೊಬ್ಬನನ್ನು ದೋಣಿಯಲ್ಲಿ ಕೂರಿಸಿದ್ದ. ಆ ದೋಣಿ ಇದ್ದದ್ದು ದಡದ ಮರಳಿನ ಮೇಲೆ."

"ಮರಳಲ್ಲಿ ಮುಳುಗಿದನಾ?" ಅಂದರು ಭಾವ.

ದೊಡ್ಡಪ್ಪ ಸೋಲಲಿಲ್ಲ. "ಯಾರು ಬರೆದರೇನು, ನೀತಿ ಮುಖ್ಯ. ದುರಾಸೆ ಕೆಲವರನ್ನು ಮುಳುಗಿಸುತ್ತೆ."

"ಕೆಲವರು ಅಂದ್ರೆ ಯಾರು?" ಚಿಕ್ಕಪ್ಪ ಬಂದೇಬಿಟ್ಟರು.

ಹುಡುಗಿ ಪಾಪ ಇನ್ನೂ ಬರೆಯುತ್ತಲೇ ಇದ್ದಳು. ದೊಡ್ಡ ಹಾಯಿಹಡಗಿನಿಂದ ಡೋರಿ ಅನ್ನುವ ಚಪ್ಪಟೆ ತಳದ ದೋಣಿಗಳನ್ನು ಇಳಿಸುತ್ತಿದ್ದರಂತೆ. ಗಾಳದ ಹಗ್ಗ ಬಿಟ್ಟು, ಹ್ಯಾಲಿಬಟ್ ಮೀನು ಹಿಡಿದು, ಹುಟ್ಟು ಹಾಕಿಕೊಂಡೇ ವಾಪಸಾಗಬೇಕು. ಮಂಜು ಕವಿದು ಹಡಗು ಕಣ್ಮರೆಯಾದರೆ ದಿಕ್ಕು ತಪ್ಪಿದ ಹಾಗೆಯೇ. ನಾನು ಚಿತ್ರ ದೊಡ್ಡದು ಮಾಡಿ ನೋಡಿದೆ. ಅವನು ಮೀನನ್ನು ನೋಡುತ್ತಿಲ್ಲ. ಕತ್ತು ತಿರುಗಿಸಿ ದೂರದ ಹಡಗನ್ನು ನೋಡುತ್ತಿದ್ದಾನೆ. ದಿಗಂತದ ಉದ್ದಕ್ಕೂ ಬೂದು ಮಂಜು ಏಳುತ್ತಿದೆ. ಮೀನಿನ ಭಾರಕ್ಕೆ ಹಿಂಭಾಗ ತಗ್ಗಿ, ಮುಂಭಾಗ ಅಲೆಯ ಮೇಲೆ ಎದ್ದಿದೆ. ಹಡಗು ಸೇರಿದನೋ ಇಲ್ಲವೋ, ಹೋಮರ್ ಹೇಳುವುದಿಲ್ಲ. ಹೆಣ ಸಿಕ್ಕಿದ್ದು ವಾಟ್ಸಾಪಿನಲ್ಲಿ ಮಾತ್ರ. ಅಲ್ಲದೆ ಆ ಮೀನು ಅವನ ದುಡಿಮೆ. ದುಡಿಮೆಯನ್ನು ದುರಾಸೆ ಅನ್ನೋದು ಪಿಂಚಣಿ ಬರುವವರಿಗೆ ಸುಲಭ. ಇದನ್ನು ಗುಂಪಿನಲ್ಲಿ ಬರೆಯಲಿಲ್ಲ, ದೊಡ್ಡಪ್ಪನ ಮನೆಗೆ ಹಬ್ಬದೂಟಕ್ಕೆ ಹೋಗಬೇಕಲ್ಲ.

ಅಷ್ಟರಲ್ಲಿ ಅತ್ತೆ ಮಗ: "ಮೀನು ಅಂದ ಕೂಡಲೇ ಮಲ್ಪೆ ಟ್ರಿಪ್ ನೆನಪಾಯ್ತು! ಬಂಗುಡೆ ಫ್ರೈ! ಅಜ್ಜಿ ಮೂಗು ಮುಚ್ಚಿಕೊಂಡು ವ್ಯಾನಲ್ಲೇ ಕೂತಿದ್ದು!"

ವ್ಯಾನ್ ಅಂದದ್ದೇ ತಪ್ಪಾಯಿತು.

"ಆ ಬಾಡಿಗೆ ಇವತ್ತಿಗೂ ಬಂದಿಲ್ಲ" ಎಂದರು ಚಿಕ್ಕಪ್ಪ. "ಸಾಲ ನನಗೊಬ್ಬನಿಗೇ ಇರೋದಲ್ಲ."

"ನಾನು ಅವತ್ತೇ ಕೊಟ್ಟೆ," ಭಾವ.

"ಮೂಲ ಯಾವುದು?" ದೊಡ್ಡಪ್ಪ ಕೇಳಿದರು. ಬೆಳಿಗ್ಗೆಯಿಂದ ಮೊದಲ ಬಾರಿ ಅಣ್ಣತಮ್ಮ ಒಂದಾದರು.

ಭಾವ ಹಳೇ ಡೈರಿಯ ಪುಟದ ಫೋಟೋ ಹಾಕಿದರು. ಹೋಮರನ ಹಡಗು ಕಾಣದವರೆಲ್ಲ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ತಾರೀಖು ತಿದ್ದಿದ ಹಾಗಿದೆ ಅಂತ ಚಿಕ್ಕಮ್ಮ ಬರೆದರು.